ಕಣ್ಣು ಮುಚ್ಚಿ ಯಂತ್ರ ನೋಡುತ್ತಿದ್ದ ಅನಂತಯ್ಯ

ಯಾವ ಯಂತ್ರ ಕೆಟ್ಟರೂ ಅನಂತಯ್ಯ ಮೊದಲು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಅದರ ಮೈಗೆ ಬಲಗಿವಿ ಹಚ್ಚಿ, ಎಲ್ಲರೂ ಸುಮ್ಮನಿರಬೇಕೆಂದು ಕೈಯೆತ್ತುತ್ತಿದ್ದರು. ಒಮ್ಮೆ ಹೋಟೆಲಿನ ರುಬ್ಬುವ ಯಂತ್ರ ನಿಂತಾಗ ಹೀಗೇ ಕಿವಿಗೊಟ್ಟು, "ಬೇರಿಂಗ್ ಹೋಗಿದೆ. ಯಾರೋ ಅಕ್ಕಿ ಜಾಸ್ತಿ ಹಾಕಿದ್ದು" ಎಂದು ತೀರ್ಪು ಕೊಟ್ಟು ಅಡುಗೆಯವರ ಜನ್ಮ ಜಾಲಾಡಿದರು. ಅರ್ಧ ಗಂಟೆಯ ಮೇಲೆ ಕರೆಂಟು ಬಂತು, ಯಂತ್ರ ತಾನಾಗಿ ತಿರುಗತೊಡಗಿತು. "ನಾನು ಮುಟ್ಟಿದ್ದಕ್ಕೆ ಸರಿಯಾಯ್ತು" ಎಂದರು ಅನಂತಯ್ಯ. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿಯುತ್ತಲೇ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಅವರ ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಬಂದ ನಾನು ಅವರ ಮೂರು ಚಕ್ರದ ಸಾಮಾನು ರಿಕ್ಷಾದ ಡ್ರೈವರ್. ಅನ್ನ, ಸಾಂಬಾರಿನ ಪಾತ್ರೆಗಳನ್ನು ಅಂಬರನಾಥದ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಮಧ್ಯಾಹ್ನದೊಳಗೆ ಮುಟ್ಟಿಸುವುದು ನನ್ನ ಕೆಲಸ. ಮಲಗುವುದೂ ಹೋಟೆಲಿನ ಅಟ್ಟದಲ್ಲೇ, ಹಾಗಾಗಿ ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ಊಟಕ್ಕೆ ಮಾತ್ರ ಅವರು ಎಂದೂ ಕಡಿಮೆ ಮಾಡಲಿಲ್ಲ, ಅಷ್ಟು ಹೇಳಬೇಕು.

"ಮಿಷನ್ ಹಾಳಾಗುವುದಿಲ್ಲ ಮಾರಾಯ, ಹಾಳಾಗುವುದು ಕೈ" ಎನ್ನುವುದು ಅವರ ದಿನನಿತ್ಯದ ಮಂತ್ರ. ಹಾಳಾದ ಕೈ ಯಾವಾಗಲೂ ಬೇರೆಯವರದ್ದೇ. ಗಾಡಿಯ ಗೇರ್ ಎಣ್ಣೆ ಬದಲಿಸುವುದಕ್ಕೂ ನನ್ನನ್ನು ನಂಬುತ್ತಿರಲಿಲ್ಲ. ಹೋಟೆಲಿನ ವಾರದ ರಜೆಯ ದಿನ ಪಂಚೆ ಎತ್ತಿ ಕಟ್ಟಿ, ಹಿತ್ತಲ ಬಾಗಿಲು ಹಾಕಿಕೊಂಡು, ಪೂಜೆಗೆ ಕೂತವರ ಗತ್ತಿನಲ್ಲಿ ತಾವೇ ಆ ಕೆಲಸ ಮಾಡುತ್ತಿದ್ದರು. "ನಿನಗೆ ಅದೆಲ್ಲ ಗೊತ್ತಾಗ್ಲಿಕ್ಕಿಲ್ಲ" ಎಂದು ನನ್ನನ್ನು ಹೊರಗೆ ಕಳಿಸುತ್ತಿದ್ದರು.

ಹಾಗೆ ಎಣ್ಣೆ ಬದಲಿಸಿದ ಎರಡನೇ ವಾರ, ಕಲ್ಯಾಣದ ಸೇತುವೆಯ ಏರಿನಲ್ಲಿ ಗಾಡಿ ಕೈಕೊಟ್ಟಿತು. ಗೇರು ಬೀಳುತ್ತದೆ, ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗಲೊಲ್ಲದು. ಹಿಂದಕ್ಕೆ ಜಾರದಂತೆ ಚಕ್ರಕ್ಕೆ ಕಲ್ಲು ಕೊಟ್ಟು, ಬೇರೆ ಟೆಂಪೊ ಹಿಡಿದು ಊಟ ಮುಟ್ಟಿಸುವಷ್ಟರಲ್ಲಿ ಕಾರ್ಖಾನೆಯವರು ಪಾವ್ ತಿಂದು ಕೆಲಸಕ್ಕೆ ಮರಳಿದ್ದರು.

ಸಂಜೆ ಗಾಡಿಯನ್ನು ಎಳೆದು ತಂದಾಗ ಅನಂತಯ್ಯ ತಣ್ಣಗೆ ಬಿದ್ದಿದ್ದ ಎಂಜಿನ್ನಿಗೆ ಕಿವಿ ಹಚ್ಚಿದರು. ಬಂದಾದ ಎಂಜಿನ್ ಅವರಿಗೆ ಏನು ಹೇಳಿತೋ ದೇವರಿಗೇ ಗೊತ್ತು. ಕಣ್ಣು ತೆರೆದು, ಸಪ್ಲೈಯರುಗಳೆಲ್ಲರ ಎದುರು, "ಕ್ಲಚ್ ಸುಟ್ಟು ಹಾಕಿದ್ದಿ. ದಾರಿಯುದ್ದ ಹಿಡಿದೇ ಓಡಿಸಿದ್ದಿ. ಚಾವಿ ಇಟ್ಟು ಹೋಗು. ಇಲ್ಲಿಂದ ಥಾಣೆವರೆಗೆ ಯಾವ ಹೋಟ್ಲಲ್ಲೂ ನಿನ್ನನ್ನು ಇಟ್ಟುಕೊಳ್ಳದ ಹಾಗೆ ಹೇಳಿ ಇಡ್ತೇನೆ" ಎಂದರು. ನಮ್ಮವರ ಹೋಟೆಲುಗಳಲ್ಲಿ ಇಂಥ ಮಾತು ಲೋಕಲ್ ಟ್ರೇನಿಗಿಂತ ಬೇಗ ತಲುಪುತ್ತಿತ್ತು.

"ಮೊದಲು ಮೆಹಬೂಬನ ಹತ್ತಿರ ಬಿಚ್ಚಿಸಿ. ಸುಟ್ಟಿದ್ದರೆ ನಾನೇ ಹೋಗ್ತೇನೆ" ಎಂದೆ. "ಆಯ್ತು, ನಿನ್ನ ಬಣ್ಣ ಬಯಲಾಗಲಿ" ಎಂದು ಅವರು ಖುಷಿಯಿಂದಲೇ ಹೊರಟರು.

ಮೆಹಬೂಬ ರಾಯಚೂರಿನವನು, ಕಲ್ಯಾಣ ರಸ್ತೆಯ ಬದಿಯಲ್ಲಿ ಗ್ಯಾರೇಜು. ಕ್ಲಚ್ ಲಿವರನ್ನು ನಾಲ್ಕು ಸಲ ಹಿಡಿದು ಬಿಟ್ಟು, "ಕೇಬಲ್ ಚಲೋ ಅದ" ಎಂದ. ಆಮೇಲೆ ಕೆಳಗಿನ ನಟ್ಟು ಬಿಚ್ಚಿ ಎಣ್ಣೆಯನ್ನು ತಟ್ಟೆಗೆ ಇಳಿಸಿದ. ಅದು ಸರಾಗವಾಗಿ ಇಳಿಯಲಿಲ್ಲ, ಪಾಕದಂತೆ ನೂಲೆಳೆಯಿತು. ಬೆರಳಲ್ಲಿ ಅದ್ದಿ ಮೂಸಿದವನು ಅನಂತಯ್ಯನ ಮುಖ ನೋಡಿದ.

"ಮಾಲಕರ, ಇದ್ರಾಗ ಭಜಿ ಕರದೀರೇನ್ರಿ?"

ಪಕ್ಕದ ಮುಚ್ಚಳ ಬಿಚ್ಚಿ, ಆ ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ ಪ್ಲೇಟುಗಳನ್ನು ಒಂದೊಂದಾಗಿ ಹೊರತೆಗೆದ. "ಸುಟ್ಟಿದ್ರ ಕರ್ರಗ ಆಗ್ತಿದ್ವು, ಮ್ಯಾಲಿನ ಕಾರ್ಕ್ ಉದುರ್ತಿತ್ತು. ಇವು ಸುಟ್ಟಿಲ್ರಿ. ಜಿಡ್ಡು ಕೂತು ಗಾಜಿನಂಗ ನುಣ್ಣಗ ಆಗ್ಯಾವ. ಒಂದಕ್ಕೊಂದು ಹಿಡೀಲೇ ಒಲ್ಲವು. ಡ್ರೈವರ್‌ದು ತಪ್ಪಿಲ್ಲ." ಕೊನೆಯ ಪ್ಲೇಟಿನ ಜಿಡ್ಡಿನಿಂದ ಅವನು ಪಿನ್ನಿನ ತುದಿಯಲ್ಲಿ ಏನನ್ನೋ ಎತ್ತಿ ತೋರಿಸಿದ. ಓಮದ ಕಾಳು. ನಮ್ಮ ಹೋಟೆಲಿನ ಮೆಣಸಿನಕಾಯಿ ಭಜಿಗೆ ಹಾಕುವ ಓಮ.

"ಎಣ್ಣೆ ಅಂದರೆ ಎಣ್ಣೆ ಅಲ್ವಾ? ಶುದ್ಧ ಶೇಂಗಾ ಎಣ್ಣೆ. ನಾನೇ ಬಟ್ಟೆಯಲ್ಲಿ ಸೋಸಿ ಹಾಕಿದ್ದು" ಎಂದರು ಅನಂತಯ್ಯ. ಮೆಹಬೂಬ ಕಾಳನ್ನು ಇನ್ನೂ ಹಿಡಿದೇ ನಿಂತಿದ್ದ. ಅವರು ನನ್ನ ಕಡೆ ಕೈ ತೋರಿಸಿ, "ಇವನ ಕೈಗೆ ಯಾವ ಎಣ್ಣೆಯೂ ತಡೆಯುವುದಿಲ್ಲ" ಎಂದು ಹೊರಗೆ ಹೋಗಿ ನಿಂತರು.

ಹೊಸ ಪ್ಲೇಟು, ಸರಿಯಾದ ಎಣ್ಣೆ ಬಿದ್ದ ಮೇಲೆ ಗಾಡಿ ಸೇತುವೆಯನ್ನು ಸಲೀಸಾಗಿ ಏರಿತು. ನನ್ನ ಕೆಲಸ ಉಳಿಯಿತು, ಹೆಸರು ಉಳಿಯಲಿಲ್ಲ. ಅನಂತಯ್ಯ ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ, "ಕ್ಲಚ್ ಸುಟ್ಟ. ಹೋಗ್ಲಿ ಪಾಪ ಅಂತ ಕ್ಷಮಿಸಿದೆ" ಎನ್ನುತ್ತಿದ್ದರು. ಒಂದೇ ಒಂದು ಸಲ "ನನ್ನದು ತಪ್ಪಾಯ್ತು" ಎಂದಿದ್ದರೆ ನಾನು ಎಲ್ಲವನ್ನೂ ಮರೆಯುತ್ತಿದ್ದೆ. ಎರಡು ವರ್ಷ ಕಾದು, ಕೊನೆಗೆ ಕೆಲಸ ಬಿಟ್ಟೆ. ಅಟ್ಟ ಬಿಟ್ಟರೆ ಗತಿಯಿಲ್ಲವೆಂದು ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ನನ್ನ ಮೇಲೂ ನನಗೆ ಹೇಸಿಗೆಯಿದೆ.

ಕೊನೆಯ ಸಲ ಅವರನ್ನು ನೋಡಿದ್ದು ಎಂಬತ್ತರ ದಶಕದ ಕೊನೆಗೆ, ನವಿ ಮುಂಬಯಿಯ ಬೇಲಾಪುರದಲ್ಲಿ. ಆಗ ನನ್ನದೇ ರಿಕ್ಷಾ ಇತ್ತು. ಯಾವುದೋ ಸರ್ಕಾರಿ ಕಚೇರಿಗೆ ಬಂದಿದ್ದ ಅವರು ಸ್ನೇಹಿತರೊಬ್ಬರ ಜೊತೆ ನನ್ನ ಗಾಡಿಯನ್ನೇ ಹತ್ತಿದರು. ದಾರಿಯುದ್ದ ಕಣ್ಣು ಮುಚ್ಚಿ ಎಂಜಿನ್ ಕೇಳಿದರು. ಇಳಿದ ಮೇಲೆ ಸ್ನೇಹಿತರಿಗೆ, "ನಮ್ಮ ಹಳೇ ಡ್ರೈವರ್. ಒಮ್ಮೆ ಕ್ಲಚ್ ಸುಟ್ಟಿದ್ದ. ನಾನು ತಿದ್ದಿದ ಮೇಲೆ ಕೈ ಸರಿಯಾಯ್ತು" ಎಂದರು.

ಸೀಟಿನ ಕೆಳಗೆ ಬೆಳಿಗ್ಗೆ ಕೊಂಡಿದ್ದ ಗೇರ್ ಎಣ್ಣೆಯ ಡಬ್ಬಿಯಿತ್ತು. ಇಬ್ಬರ ಎದುರೇ ಅದರ ಸೀಲು ಒಡೆದು ಅವರ ಮೂಗಿನ ಹತ್ತಿರ ಹಿಡಿದೆ.

"ಮೂಸಿ ನೋಡಿ ಅನಂತಯ್ಯ. ಗಾಡಿಗೆ ಹಾಕುವುದು ಇದನ್ನು. ಭಜಿ ಕರಿದ ಎಣ್ಣೆಯನ್ನಲ್ಲ."

ಅಭ್ಯಾಸಬಲ, ಅವರು ಕಣ್ಣು ಮುಚ್ಚಿದರು. ನಿಧಾನಕ್ಕೆ ಮೂಸಿದರು. ಹುಬ್ಬು ಗಂಟಿಕ್ಕಿದರು.

"ಹಳತಾಗಿದೆ ಮಾರಾಯ. ಚೆಲ್ಲಿಬಿಡು" ಎಂದು ಕಚೇರಿಯ ಮೆಟ್ಟಿಲ ಕಡೆ ನಡೆದೇಬಿಟ್ಟರು.

ಸ್ನೇಹಿತರು ಆಗಷ್ಟೇ ಒಡೆದ ಸೀಲನ್ನು ನೋಡಿದರು, ನನ್ನ ಮುಖ ನೋಡಿದರು. "ಭಜಿ ಎಣ್ಣೆ ಹಾಕಿದ್ದು ಇವರೇ ಅಲ್ವಾ?" ಎಂದು ಕೇಳಿದರು. ನಾನು ಹೌದೆಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.