ದಾರಿ ಬಿಟ್ಟುಕೊಟ್ಟ ಉಪಗ್ರಹ

ಕಳೆದ ವರ್ಷ ಗಣೇಶ ವಿಸರ್ಜನೆ ಮುಗಿದ ಮರುವಾರದ ಮಾತು. ನಾನು ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳು ಊಟದ ಡಬ್ಬಿಯಷ್ಟು ದೊಡ್ಡ ಉಪಗ್ರಹವೊಂದನ್ನು ಮಾಡಿದ್ದರು. ಅದರ ಹೊಣೆ ನನ್ನದಿತ್ತು. ಅದು ಮೇಲೆ ಹೋದ ದಿನ ಕಾಲೇಜಿಗೆಲ್ಲ ಕುಂದಾ ಹಂಚಿದ್ದೆವು. ಕೆಲವು ತಿಂಗಳು ಸಂಕೇತ ಕಳಿಸಿ ಅದು ಸುಮ್ಮನಾಯಿತು. ನಾವೂ ಮರೆತೆವು.

ಆ ಭಾನುವಾರ ಖಾನಾಪುರದ ತವರಿನಲ್ಲಿ ಊಟಕ್ಕೆ ಕುಳಿತಿದ್ದಾಗ ಫೋನ್ ಬಂತು. ಬೇರೊಂದು ಉಪಗ್ರಹ ನಡೆಸುವ ಕೇಂದ್ರದ ಇಂಜಿನಿಯರ್. ಹೆಣ್ಣುದನಿ, ಮೈಸೂರು ಕಡೆಯ ಮಾತು.

"ಮೇಡಂ, ನಿಮ್ಮ ಉಪಗ್ರಹ ನಾಳೆ ನಮ್ಮದಕ್ಕೆ ತುಂಬಾ ಹತ್ತಿರ ಬರ್ತಿದೆ. ಸ್ವಲ್ಪ ಸರಿಸೋಕಾಗುತ್ತಾ?"

"ಅದರಾಗ ಇಂಜಿನ್ನೇ ಇಲ್ರೀ. ಅದು ಸತ್ತು ಭಾಳ ದಿನ ಆತು," ಎಂದೆ.

ಅವರದು ಸಮುದ್ರದ ಗಾಳಿ ನೋಡಿ ಮೀನುಗಾರರಿಗೆ ಮುನ್ಸೂಚನೆ ಕೊಡಲು ನೆರವಾಗುವ ಉಪಗ್ರಹ. ಬಾಹ್ಯಾಕಾಶದ ವೇಗದಲ್ಲಿ ನಮ್ಮ ಡಬ್ಬಿ ಬಡಿದರೆ ಎರಡೂ ಚೂರುಚೂರಾಗುತ್ತವೆ. ಆ ಚೂರುಗಳು ಮತ್ತೆ ಯಾವುದಕ್ಕೆ ಬಡಿಯುತ್ತವೋ ಹೇಳಲಾಗದು.

ಬಾಜು ಕುಳಿತಿದ್ದ ಅವ್ವ, "ಏನಾತ? ನಿಮ್ಮ ಡಬ್ಬಿ ಯಾರ ತಲಿ ಮ್ಯಾಲ ಬೀಳ್ತದ?" ಎಂದಳು.

"ಬೀಳೂದಿಲ್ಲವ್ವಾ. ಮತ್ತೊಬ್ಬರ ಉಪಗ್ರಹಕ್ಕ ಬಡಿಯೂ ಹಂಗ ಐತಿ."

"ಹಂಗಾರ ನಿಮ್ಮದು ತಗೀರಿ. ಹಾದ್ಯಾಗ ಬಿಟ್ಟು ಕುಂತ್ರ ಹ್ಯಾಂಗ?"

ನಾನು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡೆ.

ಫೋನಿನಲ್ಲಿದ್ದ ಆಕೆ ಶಾಂತವಾಗಿ, "ಇಬ್ಬರೂ ಸರಿದು ಮತ್ತೆ ಎದುರುಬದುರಾಗೋದು ಬೇಡ ಅಂತ ಕೇಳ್ದೆ ಅಷ್ಟೆ. ನಾವೇ ಪಕ್ಕಕ್ಕೆ ಹೋಗ್ತೀವಿ ಬಿಡಿ," ಎಂದರು.

"ನಿಮ್ಮ ಇಂಧನ ಖರ್ಚಾಗ್ತದಲ್ರೀ?"

"ಆಗುತ್ತೆ. ನಮ್ಮ ಉಪಗ್ರಹದ ಆಯಸ್ಸು ಅಷ್ಟು ಕಡಿಮೆಯಾಗುತ್ತೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

ಮರುದಿನ ತರಗತಿಯಲ್ಲಿದ್ದಾಗ ಮೆಸೇಜ್ ಬಂತು: "ದಾಟಿತು ಮೇಡಂ. ಎರಡೂ ಕ್ಷೇಮ." ಹುಡುಗರಿಗೆ ಆ ದಿನದ ಪಾಠ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದೆ. ಒಬ್ಬ ಹುಡುಗಿ ಎದ್ದು, "ಮತ್ತ ಮುಂದಿನ ಸಲ ಯಾರು ಸರೀತಾರ್ರಿ ಮೇಡಂ?" ಎಂದು ಕೇಳಿದಳು.

ನಮ್ಮದಂತೂ ಸರಿಯುವುದಿಲ್ಲ. ತಾನಾಗಿ ಕೆಳಗಿಳಿದು ಗಾಳಿಯಲ್ಲಿ ಉರಿದುಹೋಗಲು ಅದಕ್ಕೆ ಇನ್ನೂ ವರ್ಷಗಳು ಬೇಕು. ಈಗ ನಮ್ಮ ಹುಡುಗರು ಎರಡನೆಯ ಉಪಗ್ರಹದ ನಕ್ಷೆ ಹಾಕುತ್ತಿದ್ದಾರೆ. ಕೆಲಸ ಮುಗಿದ ಮೇಲೆ ಅದನ್ನು ಬೇಗ ಕೆಳಗಿಳಿಸುವ ದಾರಿ ತೋರಿಸುವವರೆಗೆ ನಾನು ನಕ್ಷೆಗೆ ಸಹಿ ಮಾಡುವುದಿಲ್ಲವೆಂದು ಹೇಳಿದ್ದೇನೆ. ಆ ಇಂಜಿನಿಯರ್ ಮುಖ ನಾನಿನ್ನೂ ನೋಡಿಲ್ಲ. ಆದರೆ ಸಮುದ್ರದಲ್ಲಿ ಬಿರುಗಾಳಿಯ ಸುದ್ದಿ ಬಂದಾಗಲೆಲ್ಲ, ಅವರ ಉಪಗ್ರಹ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಮೊದಲು ಹುಡುಕಿ ನೋಡುತ್ತೇನೆ.