ಕೊರಳಿನ ದಾರ

ಎರಡನೇ ಬಿ.ಎ. ಮುಗಿಸಿ ರಜೆಗೆ ಬಂದಿದ್ದೆ. ಚಳ್ಳಕೆರೆಯಲ್ಲಿ ಮೊಳಕಾಲ್ಮುರು ಬಸ್ಸು ಹತ್ತಿದರೆ, ನಮ್ಮಪ್ಪನ ಎಣ್ಣೆ ಮಿಲ್ಲಿಗೆ ಶೇಂಗಾ ಹಾಕುತ್ತಿದ್ದ ರುದ್ರಪ್ಪನವರು ಪಕ್ಕದಲ್ಲೇ ಬಂದು ಕೂತರು. ಬೆಂಗಳೂರಿನಲ್ಲಿ ಪಾದ್ರಿಗಳು ನಡೆಸುವ ಕಾಲೇಜಿನಲ್ಲಿ ಓದುತ್ತಿದ್ದೇನೆ ಎಂದ ಕೂಡಲೇ ಅವರ ಬೆರಳು ನನ್ನ ಕಾಲರಿನೊಳಗೆ ಹೋಯಿತು. ದಾರ ಕೈಗೆ ಸಿಕ್ಕಿತು.

"ಸದ್ಯ, ಲಿಂಗ ಐತೆ. ಏನು ಓದ್ತೀಯಪ್ಪಾ ಅಲ್ಲಿ?"

"ತತ್ವಶಾಸ್ತ್ರ ರೀ. ದೇವರು ಇದಾನೋ ಇಲ್ವೋ, ಅಂಥವು."

"ಹೇಳ್ಕೊಡೋರು ಯಾರು?"

"ಫಾದರ್ ಒಬ್ರು."

"ಪರೀಕ್ಷೇಲಿ ನೀನು ಇಲ್ಲ ಅಂತ ಬರದ್ರೆ?"

"ವಾದ ಸರಿಯಾಗಿದ್ರೆ ಅದಕ್ಕೂ ಮಾರ್ಕ್ಸ್ ಕೊಡ್ತಾರೆ ರೀ."

ರುದ್ರಪ್ಪನವರು ನನ್ನ ಬೆನ್ನು ತಟ್ಟಿದರು.

"ನಿನ್ನ ಆ ಕಾಲೇಜು ಬಿಡ್ಸು ಅಂತ ನಿಮ್ಮಪ್ಪಂಗೆ ಹೇಳ್ಬೇಕು ಅಂತಿದ್ದೆ. ಬ್ಯಾಡ ಬಿಡು. ಅವ್ರಿಗೇ ಗ್ಯಾರಂಟಿ ಇಲ್ದಿದ್ಮೇಲೆ ನಿನ್ನ ಜಾತಿ ಏನು ಕೆಡಿಸ್ತಾರೆ!"

ನಾನು ತಲೆಯಾಡಿಸಿ, ಕಾಲರಿನ ಗುಂಡಿ ಹಾಕಿಕೊಂಡೆ.

ದಾರ ನೋಡಿ ಅವರು ಪಟ್ಟ ಸಮಾಧಾನವೂ ತೀರಾ ಸುಳ್ಳೇನಲ್ಲ. ಅದರಲ್ಲಿ ತೂಗುತ್ತಿದ್ದದ್ದು ಹಾಸ್ಟೆಲಿನಲ್ಲಿದ್ದ ನನ್ನ ಟ್ರಂಕಿನ ಕೀಲಿಕೈ. ಲಿಂಗ ಆ ಟ್ರಂಕಿನೊಳಗೆ ಭದ್ರವಾಗಿತ್ತು.