ಪಾಲಿಹೌಸ್ ಹಾಳೆಯ ಕಿಟಕಿ

ಅಮ್ಮ ಕೆರೆ ಕೋಡಿ ನೋಡಲು ಹೋದ ದಿನ ಮಳೆ ಹನಿಯುತ್ತಿತ್ತು ಎಂದು ನನ್ನ ನೆನಪು. ಡೈರಿಯಲ್ಲಿ ‘ಮೋಡ’ ಎಂದಷ್ಟೇ ಬರೆದಿದ್ದೇನೆ. ನನ್ನನ್ನು ಉಳಿಸಿಕೊಳ್ಳಲು ಹನಿಯನ್ನು ಆಮೇಲೆ ಸೇರಿಸಿಕೊಂಡಿರಬಹುದು. ಇಲ್ಲಿ ಇನ್ನೂ ಒಂದೆರಡು ಕಡೆ ಹಾಗಾಗಿರಬಹುದು.

ಅಮ್ಮನ ತವರು ಮೇಲೂರಿನ ಹತ್ತಿರ. ಅವಳು ಹುಡುಗಿಯಾಗಿದ್ದಾಗ ಅಲ್ಲಿನ ಕೆರೆ ಒಮ್ಮೆ ಕೋಡಿ ಹರಿದಿತ್ತಂತೆ. ತಾತ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ್ದರಂತೆ. ನಾನು ಕಂಡದ್ದು ಜಾಲಿ ಬೆಳೆದ ಬಯಲನ್ನು ಮಾತ್ರ. ಈಚೆಗೆ ಕೆರೆ ಮತ್ತೆ ತುಂಬಿ ಕೋಡಿ ಬಿತ್ತೆಂದು ಮಾಮ ಫೋನ್ ಮಾಡಿದಾಗ ಅಮ್ಮನಿಗೆ ಕೀಮೋ ನಡೆಯುತ್ತಿತ್ತು.

“ಒಂದ್ಸಲ ತೋರ್ಸಪ್ಪ ನಂಗೆ” ಎಂದಳು ತಮ್ಮನಿಗೆ.

ಏರಿಯ ಮೇಲೆ ಅಷ್ಟು ದೂರ ನಡೆಯಲು ಅವಳಿಂದ ಆಗುತ್ತಿರಲಿಲ್ಲ. ಥಂಡಿ ತಾಗಬಾರದು, ನೆನೆಯಲೇಬಾರದು ಎಂದು ಡಾಕ್ಟರು ಹೇಳಿದ್ದರು.

ಮಾಮ ಪಾಲಿಹೌಸಿನಲ್ಲಿ, ಎಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಚಪ್ಪರದೊಳಗೆ, ಗುಲಾಬಿ ಬೆಳೆಯುತ್ತಾರೆ. ಕೆರೆಯ ಮೀನು ಗುತ್ತಿಗೆಯಲ್ಲೂ ಪಾಲಿದ್ದುದರಿಂದ ಎಲ್ಲಿಂದಲೋ ಹಳೆಯ ಫೈಬರ್ ದೋಣಿಯೊಂದನ್ನು ತಂದಿದ್ದರು. ಅದಕ್ಕೆ ಆಟೋಗಿರುವಂಥ ರೆಕ್ಸಿನ್ ಹುಡ್, ಸುತ್ತ ಜಿಪ್ ಹಾಕುವ ಪರದೆ, ಪರದೆಯಲ್ಲೊಂದು ಪ್ಲಾಸ್ಟಿಕ್ ಕಿಟಕಿ. ಕಿಟಕಿ ಬಿಸಿಲಿಗೆ ಹಳದಿಯಾಗಿ ಸೀಳುಬಿಟ್ಟು, ಮಳೆ ಬಂದರೆ ಸೀಟಿನ ಮೇಲೆಲ್ಲ ಸೋರುತ್ತಿತ್ತು.

ಹೊಸ ಪ್ಲಾಸ್ಟಿಕ್ ಬೆಂಗಳೂರಿನಿಂದ ತರುತ್ತೇನೆ ಎಂದೆ. ಮಾಮ ನಕ್ಕರು. “ಅದೂ ಎರಡು ಬೇಸಿಗೆಗೆ ಹಳ್ದಿ ಆಗತ್ತಮ್ಮ. ನಮ್ ಪಾಲಿಹೌಸ್ ಶೀಟು ನೋಡು, ಆಲಿಕಲ್ಲು ಬಿದ್ರೂ ಜಗ್ಗಲ್ಲ.”

ಮಿಕ್ಕಿದ್ದ ತುಂಡನ್ನು ಶಿಡ್ಲಘಟ್ಟದಲ್ಲಿ ಆಟೋ ಸೀಟು ಹೊಲಿಯುವವರ ಹತ್ತಿರ ಒಯ್ದೆವು. ಅವರು ಹಳೆಯ ಕಿಟಕಿ ಬಿಚ್ಚಿ, ಅದನ್ನೇ ಅಳತೆಗಿಟ್ಟು ಕತ್ತರಿಸಿ, ಎರಡು ಸಾಲು ಹೊಲಿದು, ಸೂಜಿಯ ತೂತುಗಳಿಗೆಲ್ಲ ಅಂಟು ಬಳಿದರು. ಬಕೆಟ್ ನೀರು ಸುರಿದರೂ ಒಂದು ಹನಿ ಒಳಗೆ ಬರಲಿಲ್ಲ. ನಾನು ಹಾಳೆಯ ಹಿಂದೆ ಅಂಗೈ ಒತ್ತಿ ನೋಡಿದೆ. ರೇಖೆಗಳೆಲ್ಲ ಕಂಡವು. “ಕಾಣತ್ತೆ ಮಾಮ” ಎಂದವಳು ನಾನೇ. ಇದರ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ದೋಣಿಯಲ್ಲಿ ಇಬ್ಬರಿಗಷ್ಟೇ ಜಾಗ. ನಾನು ಏರಿಯ ಮೇಲೆ ನಿಂತೆ. ಅಮ್ಮ ಶಾಲು ಹೊದ್ದು ಹುಡ್‌ನ ಒಳಗೆ ಕೂತಳು.

“ನಿನ್ ಗುಲಾಬಿಗೆ ಮಾಡೋ ಉಪಚಾರದಲ್ಲಿ ಕಾಲುಪಾಲು ಅಕ್ಕಂಗೂ ಮಾಡೋ.”

“ಗುಲಾಬಿಗೆ ಹಾಕೋ ಶೀಟೇ ಹಾಕ್ಸಿದೀನಲ್ಲ ಮಹಾರಾಣಿ, ಇನ್ನೇನ್ ಬೇಕು?” ಎಂದು ಮಾಮ ಜಿಪ್ ಎಳೆದು, ಹೊರಗೆ ಮುಂದುಗಡೆ ಕೂತರು. “ಪದಕ್ಕಾ, ಪದ” ಎಂದು, ನಡಿಯಕ್ಕಾ ಅನ್ನುವುದನ್ನು ತೆಲುಗಿನಲ್ಲಿ ಹೇಳಿ, ಹುಟ್ಟು ಹಾಕಿದರು.

ಅರ್ಧ ಗಂಟೆಯಲ್ಲಿ ಹಿಂತಿರುಗಿದರು.

“ನೋಡ್ದ್ಯಾಮ್ಮ?”

“ನೋಡ್ದೆ ಕಣೇ. ಎಲ್ಲಾ ಬೆಳ್ಳಗೆ, ಹಾಲು ಉಕ್ಕಿದಂಗೆ.”

ಮಾಮ ಹಗ್ಗ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ. ಇದನ್ನೂ ಆಮೇಲೆ ಸೇರಿಸಿಕೊಂಡೆನೋ ಏನೋ.

ಇಪ್ಪತ್ತು ದಿನಕ್ಕೆ ಅಮ್ಮ ಹೋದಳು.

ಕಾರ್ಯ ಮುಗಿದ ಮಾರನೆಯ ದಿನ, ಕಟ್ಟಿ ಹಾಕಿದ್ದ ದೋಣಿಯೊಳಗೆ ಅವಳು ಕೂತ ಜಾಗದಲ್ಲೇ ಹೋಗಿ ಕೂತೆ. ಸೀಟು ಒಣಗಿತ್ತು. ಜಿಪ್ ಎಳೆದುಕೊಂಡೆ. ಎದುರಿಗೇ ಏರಿ, ಏರಿಯ ಮೇಲೆ ಹುಣಸೆಮರ ಇದ್ದವು. ಕಿಟಕಿಯಲ್ಲಿ ಎರಡೂ ಇರಲಿಲ್ಲ, ಬರೀ ಹಾಲಿನಂಥ ಬೆಳಕು. ಎಲೆ ಸುಡದಿರಲೆಂದು ಆ ಹಾಳೆ ಬಿಸಿಲನ್ನು ಚದುರಿಸುತ್ತದೆ. ಅಂಟಿಕೊಂಡದ್ದಷ್ಟೇ ಅದರಲ್ಲಿ ಕಾಣುವುದು. ಒಂದು ಮೊಳ ಆಚೆ ಹೋದರೆ ಎಲ್ಲ ಬಿಳಿ. ಇದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮಾಮನ ಪಾಲಿಹೌಸಿನ ಹೊರಗೆ ನಿಂತು ಒಳಗಿನ ಒಂದು ಹೂವನ್ನೂ ನಾನು ಎಂದೂ ಕಂಡಿಲ್ಲ. ಆದರೂ ಆ ದಿನ ಸೋರುವುದೊಂದೇ ನಮ್ಮಿಬ್ಬರ ತಲೆಯಲ್ಲಿತ್ತು.

ಅಮ್ಮ ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದಳೇ? ಅಥವಾ ಆ ಬಿಳಿಯನ್ನೇ ಕೋಡಿಯೆಂದು ನಂಬಿದಳೇ? ಅವತ್ತು ಮಳೆ ಇಲ್ಲದಿದ್ದರೆ ಪರದೆ ಮುಚ್ಚುವ ಅಗತ್ಯವಾದರೂ ಏನಿತ್ತು?

ಶೆಡ್ಡಿನಲ್ಲಿ ಮಾಮ ಗುಲಾಬಿ ಕಟ್ಟುಗಳಿಗೆ ಕಾಗದ ಸುತ್ತುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ನಾಲ್ಕು ಕಟ್ಟು ಸುತ್ತಿದೆ. ಆಮೇಲೆ ಕೇಳಿದೆ. ಅವರು ಇನ್ನೊಂದು ಕಟ್ಟು ಕೈಗೆತ್ತಿಕೊಂಡರು. ಅಲ್ಲಿಂದೀಚೆಗೆ ಎಷ್ಟೋ ಸಲ ಸಿಕ್ಕಿದ್ದೇವೆ, ಊಟ ಮಾಡಿದ್ದೇವೆ, ಅಮ್ಮನನ್ನು ನೆನೆದು ಅತ್ತಿದ್ದೇವೆ. ಆ ಮಾತಿಗೆ ಮಾತ್ರ ಅವರು ಉತ್ತರ ಕೊಟ್ಟಿಲ್ಲ:

“ಮಾಮ, ಕೋಡಿ ಹತ್ರ ಹೋದಾಗ ಒಂದ್ಸಲನಾದ್ರೂ ಆ ಜಿಪ್ ತೆಗ್ದ್ರಾ?”